ರಾಯಚೂರಿನ ಬೇಸಿಗೆಯೂ ಕಂಪ್ಯೂಟರಿನ ಕೂಲರೂ

ನಮ್ಮ ಸೀಮೆಯಲ್ಲಿ ಕೂಲರ್ ಎಂದರೆ ಮೂರು ಮಗ್ಗುಲಿಗೆ ಹುಲ್ಲಿನ ಪ್ಯಾಡು ಕಟ್ಟಿದ, ಹೊಟ್ಟೆಯ ತುಂಬ ನೀರಿಟ್ಟುಕೊಂಡು ಮಧ್ಯಾಹ್ನವಿಡೀ ಗುರುಗುಟ್ಟುವ ತಗಡಿನ ಪೆಟ್ಟಿಗೆ. ಹೋಳಿ ಹುಣ್ಣಿಮೆ ಮುಗಿಯುತ್ತಲೇ ಅದು ಅಟ್ಟದಿಂದ ಇಳಿಯುತ್ತದೆ. ಮಳೆ ಬಿದ್ದ ಮೇಲೆಯೇ ಮತ್ತೆ ಅಟ್ಟಕ್ಕೆ ಏರುತ್ತದೆ. ಆದ್ದರಿಂದ ಕಂಪ್ಯೂಟರಿಗೊಂದು ಲಿಕ್ವಿಡ್ ಕೂಲರ್ ಆರಿಸಿಕೊಡಬೇಕಾಗಿದೆ ಎಂದು ನಾನು ಮನೆಯಲ್ಲಿ ಹೇಳಿದಾಗ ನನ್ನ ಶ್ರೀಮತಿ, "ಅದಕ್ಕೂ ದಿನಾ ಎರಡು ಕೊಡ ನೀರು ಹಾಕಬೇಕೇನ್ರಿ?" ಎಂದು ಕೇಳಿದ್ದು ಸಹಜವೇ ಆಗಿತ್ತು. ಕೇಳಿದೊಡನೆ ನಗು ಬಂದರೂ ಅದು ಒಳ್ಳೆಯ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ಉಷ್ಣದ ಪಾಠವನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಹಳೆಯ ಅಭ್ಯಾಸ, ಬಿಡದು. ನೀವೂ ಒಂದು ಪೀರಿಯಡ್ಡು ಕೂಡಿರಿ.

ಕೂಲರ್ ಬೇಕಾಗಿದ್ದುದು ನನ್ನ ಕಂಪ್ಯೂಟರಿಗಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಲ್ಲೂಕು ಕೇಂದ್ರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಹೆಸರು ಹೇಳುವುದಿಲ್ಲ, ಆತನ ತರಗತಿಯವರಿಗೆ ಓದುತ್ತ ಹೋದಂತೆ ಗೊತ್ತಾಗಿಯೇ ಆಗುತ್ತದೆ. ರೀಲು ತೊಳೆಯುವ ಕಾಲದಿಂದ ವೀಡಿಯೋ ಕ್ಯಾಸೆಟ್ಟಿನ ಕಾಲವನ್ನು ದಾಟಿ, ಈಗ ಮದುವೆಯ ಚಿತ್ರೀಕರಣವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಸಿನಿಮಾದಂತೆ ಮಾಡಿ ಕೊಡುವ ಮಟ್ಟಕ್ಕೆ ಬಂದವನು. ಮದುವೆಯ ಮುಹೂರ್ತಗಳೆಲ್ಲ ಬಂದು ಬೀಳುವುದು ಬೇಸಿಗೆಯಲ್ಲಿ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ದೊಡ್ಡ ಸುದ್ದಿಯೇ ಅಲ್ಲ. ವರ್ಷದ ದುಡಿಮೆ ಬರಬೇಕಾದ ತಿಂಗಳುಗಳೂ ಯಂತ್ರಕ್ಕೆ ಅತ್ಯಂತ ಕಷ್ಟದ ತಿಂಗಳುಗಳೂ ಒಂದೇ ಆದವು.

2025ರ ಏಪ್ರಿಲ್‌ನಲ್ಲಿ ಆತ ಮನೆಗೆ ಬಂದಾಗ ಮುಖ ಬಾಡಿತ್ತು. ಡಿಸೆಂಬರಿನಲ್ಲಿ 100 ನಿಮಿಷಕ್ಕೆ ಸಿದ್ಧವಾಗುತ್ತಿದ್ದ ಒಂದು ಮದುವೆಯ ಕೆಲಸ ಈಗ 145 ನಿಮಿಷವಾದರೂ ಮುಗಿಯುತ್ತಿರಲಿಲ್ಲ. ಹೇಳಿದ ದಿನಕ್ಕೆ ಕೊಡದ ಕಾರಣ ಒಬ್ಬ ಹೆಣ್ಣಿನ ತಂದೆ ಬಾಕಿ ಹಣವನ್ನು ತಡೆಹಿಡಿದಿದ್ದರು. ಯಾರೋ ಬಂದು ನೋಡಿ, "ಪ್ರೊಸೆಸರ್ ಹೋಗಿದೆ, ಇಡೀ ಸೆಟ್ಟನ್ನೇ ಬದಲಿಸು" ಎಂದಿದ್ದರಂತೆ. ಒಂದೂವರೆ ಲಕ್ಷದ ಮಾತು. ಹೆಂಡತಿಯ ಬಂಗಾರವನ್ನು ಬ್ಯಾಂಕಿನಲ್ಲಿ ಇಡುವ ವಿಚಾರ ಆತನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಇನ್ನೊಬ್ಬರು ಲಿಕ್ವಿಡ್ ಕೂಲರ್ ಹಾಕಿಸಿದರೆ ಸಾಕು ಎಂದಿದ್ದರು. ನಾನು ಕಂಪ್ಯೂಟರ್ ಪಂಡಿತನಲ್ಲಪ್ಪಾ ಎಂದೆ. "ಇರಲಿ ಬಿಡ್ರಿ ಸರ, ಉಷ್ಣದ ಪಾಠ ಹೇಳಿದವರು ನೀವೇ ಅಲ್ಲೇನ್ರಿ? ನೀವೇ ಬಂದು ನೋಡ್ರಿ" ಎಂದ. ಅದಕ್ಕೆ ಎದುರು ಮಾತಿರಲಿಲ್ಲ.

ಮೊದಲು ಶಾಖ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಪ್ರೊಸೆಸರ್ ಎಷ್ಟು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆಯೋ ಹೆಚ್ಚುಕಡಿಮೆ ಅಷ್ಟೂ ಶಾಖವಾಗಿಯೇ ಹೊರಬರುತ್ತದೆ. ಫ್ಯಾನು ಗಾಳಿಯನ್ನು ಸರಿಸುತ್ತದೆ, ಮೋಟರು ನೀರೆತ್ತುತ್ತದೆ. ಪ್ರೊಸೆಸರ್ ಮಾತ್ರ ಲೆಕ್ಕ ಮಾಡಿ ಬಿಸಿಯಾಗುತ್ತದೆ, ಅಷ್ಟೆ. ಇಂಟೆಲ್ ಕೋರ್ ಐ7-14700ಕೆ ಎಂಬ ಪ್ರೊಸೆಸರ್‌ನ ಮೂಲ ವಿದ್ಯುತ್ ಪ್ರಮಾಣ 125 ವ್ಯಾಟ್, ಗರಿಷ್ಠ 253 ವ್ಯಾಟ್. ಎಎಂಡಿಯವರ ರೈಜನ್ 9 7950ಎಕ್ಸ್‌ಗೆ 170 ಮತ್ತು 230. ನಮ್ಮ ಹುಡುಗನದೂ ಇದೇ ವರ್ಗದ್ದು. ನೂರು ವ್ಯಾಟಿನ ಹಳೆಯ ಬಲ್ಬನ್ನು ಬರಿಗೈಯಿಂದ ಮುಟ್ಟಿದವರಿಗೆ ಅದರ ಬಿಸಿ ಗೊತ್ತು. ಅಂಥ ಎರಡೂವರೆ ಬಲ್ಬುಗಳ ಶಾಖ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಒಂದು ಸಿಲಿಕಾನ್ ಚೂರಿನಿಂದ ಹೊರಬರಬೇಕು.

ಬರದೆ ಹೋದರೆ? ಇಂದಿನ ಪ್ರೊಸೆಸರ್‌ಗಳು ತಮ್ಮನ್ನು ತಾವು ಕಾಪಾಡಿಕೊಳ್ಳುತ್ತವೆ. ನಾನು ಹೆಸರಿಸಿದ ಎರಡರಲ್ಲಿ ಮೊದಲನೆಯದು 100 ಡಿಗ್ರಿ, ಎರಡನೆಯದು 95 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬಿಸಿಲಿನಲ್ಲಿ ಉಳುವ ಎತ್ತು ಬೀಳುವುದಕ್ಕೆ ಮೊದಲು ಹೆಜ್ಜೆ ನಿಧಾನ ಮಾಡುವಂತೆ. ಹಾಗೆ ನಿಧಾನವಾದದ್ದಕ್ಕೆ ಎತ್ತು ಸತ್ತಿದೆ ಎಂದು ತೀರ್ಮಾನಿಸಿ ಹೊಸ ಎತ್ತು ಕೊಳ್ಳಲು ಸಂತೆಗೆ ಹೋಗಬೇಕಾಗಿಲ್ಲ. ಮೊದಲು ಅಳೆಯೋಣ ಎಂದೆ.

ಪ್ರಯೋಗಶಾಲೆಯ ಕ್ರಮ ನಿಮಗೆ ನೆನಪಿರಬಹುದು: ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು, ಪ್ರತಿ ಸಲವೂ ಬರೆದಿಡಬೇಕು. ಪ್ರೊಸೆಸರ್‌ನ ತಾಪವನ್ನೂ ಅದು ಬಳಸುತ್ತಿರುವ ವ್ಯಾಟನ್ನೂ ತೋರಿಸುವ ಉಚಿತ ತಂತ್ರಾಂಶಗಳಿವೆ. ಮೇಜಿನ ಮೇಲೆ ಒಂದು ಸಾಧಾರಣ ಉಷ್ಣತಾಮಾಪಕವನ್ನೂ ಇಟ್ಟೆವು. ಮಧ್ಯಾಹ್ನ ಮೂರು ಗಂಟೆಗೆ ಕೋಣೆಯ ತಾಪ 39 ಡಿಗ್ರಿ. ಕೆಲಸ ಆರಂಭಿಸಿದ ಎರಡೇ ನಿಮಿಷದಲ್ಲಿ ಪ್ರೊಸೆಸರ್ 100ಕ್ಕೆ ಮುಟ್ಟಿತು. ವೇಗ ಕುಸಿದು ಬಳಕೆ 70 ವ್ಯಾಟಿಗೆ ಇಳಿಯಿತು. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ನೋಡಿದರೆ ಜೋಡಿಸುವವರು ಕೂಡಿಸಿಕೊಟ್ಟಿದ್ದ ಸಣ್ಣ ಕೂಲರಿನ ರೆಕ್ಕೆಗಳ ನಡುವೆ ಎರಡು ವರ್ಷದ ಧೂಳು ಹತ್ತಿಯ ಹಾಸಿನಂತೆ ಕೂತಿತ್ತು. ಬ್ರಷ್ಷಿನಿಂದಲೂ ಗಾಳಿ ಊದುವ ಯಂತ್ರದಿಂದಲೂ ಶುಚಿಮಾಡಿ, ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿ ಮರುದಿನ ಅದೇ ಹೊತ್ತಿಗೆ ನೋಡಿದೆವು. ಕೋಣೆ ಮತ್ತೆ 39. ಪ್ರೊಸೆಸರ್ ಈಗಲೂ 100ಕ್ಕೇ ಮುಟ್ಟಿತು, ಆದರೆ ಈ ಸಲ 110 ವ್ಯಾಟಿನಲ್ಲಿ ದುಡಿಯುತ್ತಿತ್ತು. 145 ನಿಮಿಷದ ಕೆಲಸ 112ಕ್ಕೆ ಇಳಿಯಿತು. ಖರ್ಚು ಪೇಸ್ಟಿನದು ಮಾತ್ರ. ಬ್ಯಾಂಕಿಗೆ ಹೋಗುವ ವಿಚಾರ ಅಂದೇ ಹಿಂದೆ ಸರಿಯಿತು. ಪ್ರೊಸೆಸರ್ ಹೋಗಿಲ್ಲ ಎಂಬುದಕ್ಕೆ ಪುರಾವೆ ಕಣ್ಣ ಮುಂದಿತ್ತು.

ಆದರೂ ಯಂತ್ರ ಗಂಟೆಗಟ್ಟಲೆ 100 ಡಿಗ್ರಿಯಲ್ಲಿಯೇ ನಿಲ್ಲುತ್ತಿತ್ತು. ಹಂಗಾಮಿನಲ್ಲಿ ದಿನಕ್ಕೆ ಎರಡು ಮೂರು ಕೆಲಸ ಮುಗಿಸಬೇಕಾದವನಿಗೆ ಆ ಸಣ್ಣ ಕೂಲರ್ ಸಾಲದು ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು. ಹಾಗಾದರೆ ಎಂಥದು ಬೇಕು?

ಇಲ್ಲಿ ಓಮ್‌ನ ನಿಯಮವನ್ನು ನೆನಪಿಸಿಕೊಳ್ಳಿ. ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ಶಾಖಕ್ಕೂ ಹಾಗೆಯೇ: ಪ್ರೊಸೆಸರ್ ಮತ್ತು ಕೋಣೆಯ ತಾಪಗಳ ಅಂತರವನ್ನು ವ್ಯಾಟುಗಳಿಂದ ಭಾಗಿಸಿದರೆ ಉಷ್ಣರೋಧ. ಧೂಳು ತುಂಬಿದ್ದಾಗ 61 ಡಿಗ್ರಿಗೆ 70 ವ್ಯಾಟ್, ಅಂದರೆ ವ್ಯಾಟಿಗೆ ಸುಮಾರು 0.87 ಡಿಗ್ರಿ. ಶುಚಿಯಾದ ಮೇಲೆ 61ಕ್ಕೆ 110, ಅಂದರೆ 0.55. ಈಗ ಬೇಕಾದುದನ್ನು ಲೆಕ್ಕ ಹಾಕೋಣ. ಮೇ ತಿಂಗಳಲ್ಲಿ ಕೋಣೆ 41 ಡಿಗ್ರಿ ಎಂದಿಟ್ಟುಕೊಳ್ಳಿ. ಪ್ರೊಸೆಸರ್ 90 ದಾಟಬಾರದು. ಗರಿಷ್ಠ 253 ವ್ಯಾಟಿನ ಆಸೆ ಬಿಟ್ಟು, ಮದರ್‌ಬೋರ್ಡಿನ ಸೆಟ್ಟಿಂಗ್‌ನಲ್ಲಿ 180 ವ್ಯಾಟಿಗೆ ಮಿತಿ ಹಾಕಿಕೊಳ್ಳೋಣ. ಕೊನೆಯ ಎಪ್ಪತ್ತು ವ್ಯಾಟಿನಿಂದ ದೊರೆಯುವ ವೇಗ ತೀರ ಕಡಿಮೆ, ಶಾಖ ಮಾತ್ರ ಪೂರ್ತಿ. ಆಗ 49ನ್ನು 180ರಿಂದ ಭಾಗಿಸಿದರೆ 0.27. ಅಂದರೆ ವ್ಯಾಟಿಗೆ 0.27 ಡಿಗ್ರಿಗಿಂತ ಹೆಚ್ಚು ರೋಧವಿಲ್ಲದ ಕೂಲರ್ ಬೇಕು. ಅಂಗಡಿಗೆ ಹೋಗುವ ಮೊದಲೇ ಈ ಒಂದು ಸಂಖ್ಯೆ ಚೀಟಿಯ ಮೇಲೆ ಇದ್ದರೆ, ಅಲ್ಲಿ ಹೇಳುವ ನೂರು ಮಾತಿಗೆ ಬೆದರಬೇಕಾಗಿಲ್ಲ.

ವಿದೇಶಿ ಪರೀಕ್ಷಕರ ಅಂಕಿಗಳನ್ನು ಓದುವವರು ಒಂದು ಸಂಗತಿಯನ್ನು ಗಮನಿಸಬೇಕು. ಅವರ ಕೋಣೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿಯೊಳಗೆ ಇರುತ್ತದೆ. ಅಲ್ಲಿ 75 ಎಂದು ಬರೆದದ್ದು ನಮ್ಮ ಮೇ ತಿಂಗಳಿನಲ್ಲಿ 92ರ ಆಸುಪಾಸು ಆಗುತ್ತದೆ. ಅಂಕಿಯಲ್ಲಿ ಅವರ ಕೋಣೆಯ ತಾಪವನ್ನು ಕಳೆದು ನಮ್ಮದನ್ನು ಕೂಡಿಸದೆ ಏನನ್ನೂ ನಿರ್ಧರಿಸಬಾರದು.

ಈಗ ಕೂಲರುಗಳ ವಿಷಯಕ್ಕೆ ಬರೋಣ. ಗಾಳಿಯದು, ನೀರಿನದು ಎಂದು ಎರಡು ಜಾತಿ ಎನ್ನುತ್ತಾರೆ. ತಮಾಷೆಯೆಂದರೆ ಗಾಳಿಯದೆನ್ನುವ ದೊಡ್ಡ ಕೂಲರಿನಲ್ಲಿಯೂ ನೀರಿದೆ. ಅದರ ತಾಮ್ರದ ಕೊಳವೆಗಳು ಟೊಳ್ಳು. ಒಳಗೆ ಕಡಿಮೆ ಒತ್ತಡದಲ್ಲಿ ತುಸು ನೀರಿರುತ್ತದೆ. ಬಿಸಿ ತುದಿಯಲ್ಲಿ ಆವಿಯಾಗಿ, ತಂಪು ತುದಿಯಲ್ಲಿ ಗುಪ್ತೋಷ್ಣವನ್ನು ಬಿಟ್ಟುಕೊಟ್ಟು ಹನಿಯಾಗಿ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಒಳಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಹಿಂತಿರುಗುತ್ತದೆ. ಪಂಪಿಲ್ಲ, ಸವೆಯುವ ಭಾಗವಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ಬೆಳಕಿಗೆ ತಂದ ಈ ಉಪಾಯ ಇಂದು ಲ್ಯಾಪ್‌ಟಾಪುಗಳೊಳಗೂ ಇದೆ.

ಲಿಕ್ವಿಡ್ ಕೂಲರಿನಲ್ಲಿ ನೀರು ದ್ರವವಾಗಿಯೇ ಸುತ್ತುತ್ತದೆ. ಪ್ರೊಸೆಸರ್‌ನ ಮೇಲೆ ಕೂರುವ ತಾಮ್ರದ ತಟ್ಟೆ, ಬಹುಮಟ್ಟಿಗೆ ಅದರ ಮೇಲೆಯೇ ಒಂದು ಪುಟ್ಟ ಪಂಪು, ಎರಡು ರಬ್ಬರ್ ಕೊಳವೆ, ಕಾರಿನಲ್ಲಿರುವಂಥ ರೇಡಿಯೇಟರ್, ಅದಕ್ಕೆ ಫ್ಯಾನುಗಳು. ನೀರನ್ನೇ ಏಕೆ ಆರಿಸಿದರು? ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಜೂಲ್ ಬೇಕು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಶಾಖವನ್ನು ಹೊರಬಲ್ಲದು. ನಿಮಿಷಕ್ಕೆ ಒಂದು ಲೀಟರ್ ಹರಿದರೆ 180 ವ್ಯಾಟನ್ನು ಹೊತ್ತ ನೀರು ಪ್ರೊಸೆಸರನ್ನು ದಾಟುವಾಗ ಎರಡೂವರೆ ಡಿಗ್ರಿಯಷ್ಟೇ ಬಿಸಿಯೇರುತ್ತದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರಕ್ಕೆ ನಿಮ್ಮನ್ನು ಕರೆದೊಯ್ದಾಗ, ಟರ್ಬೈನಿನಿಂದ ಹೊರಬಂದ ಉಗಿಯನ್ನು ಮತ್ತೆ ನೀರಾಗಿಸಲು ತಣ್ಣೀರು ಬೇಕು, ಅದಕ್ಕಾಗಿಯೇ ಕೇಂದ್ರ ಕೃಷ್ಣೆಯ ದಡದಲ್ಲಿದೆ ಎಂದು ಹೇಳಿದ್ದೆನಲ್ಲ, ತತ್ವ ಅದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಎಂಬ 3.3 ಪೆಟಾಫ್ಲಾಪ್‌ನ ಸೂಪರ್ ಕಂಪ್ಯೂಟರನ್ನು ತಂಪಾಗಿಡುವುದೂ ದ್ರವವೇ.

ಈಗ ಶ್ರೀಮತಿಯವರ ಪ್ರಶ್ನೆಗೆ ಉತ್ತರ. ಮಣ್ಣಿನ ಗಡಿಗೆಯ ನೀರೂ ಹುಲ್ಲಿನ ಪ್ಯಾಡಿನ ಕೂಲರೂ ತಂಪಾಗುವುದು ಬಾಷ್ಪೀಕರಣದಿಂದ. ನೀರು ಹಾರಿಹೋಗುತ್ತದೆ, ಹೋಗುವಾಗ ಶಾಖವನ್ನು ಕೊಂಡೊಯ್ಯುತ್ತದೆ. ಆದ್ದರಿಂದಲೇ ಗಡಿಗೆಯ ನೀರು ಕೋಣೆಗಿಂತ ತಣ್ಣಗಿರುತ್ತದೆ, ಮತ್ತು ಆದ್ದರಿಂದಲೇ ದಿನವೂ ತುಂಬಬೇಕು. ಕಂಪ್ಯೂಟರಿನ ಕೂಲರ್ ಮುಚ್ಚಿದ ವ್ಯವಸ್ಥೆ. ಒಳಗಿನ ನೀರು ಹಾರುವುದಕ್ಕಲ್ಲ, ಹೊರುವುದಕ್ಕೆ ಇದೆ. ಹೊತ್ತ ಶಾಖವನ್ನು ಕೊನೆಗೆ ರೇಡಿಯೇಟರಿನಲ್ಲಿ ಕೋಣೆಯ ಗಾಳಿಗೇ ಒಪ್ಪಿಸಬೇಕು. ಆದಕಾರಣ ದಿನವೂ ನೀರು ಹಾಕಬೇಕಾಗಿಲ್ಲ. ಆದರೆ ಎಷ್ಟೇ ದುಬಾರಿಯದಾದರೂ ಅದು ಪ್ರೊಸೆಸರನ್ನು ಕೋಣೆಗಿಂತ ತಂಪು ಮಾಡಲಾರದು. ಕೋಣೆಗೆ ಗಾಳಿ ಆಡದಿದ್ದರೆ ಆ ಕೋಣೆಯೇ ನಿಧಾನವಾಗಿ ಕಾಯುತ್ತದೆ. ಆತನ ಸ್ಟುಡಿಯೋದಲ್ಲಿ ಹಿಂದಿನ ಕಿಟಕಿಯನ್ನು ಪರದೆಯ ಹಲಗೆಯಿಂದ ಮುಚ್ಚಿಟ್ಟಿದ್ದರು. ಅದನ್ನು ತೆಗೆಸಿ ಒಂದು ಎಕ್ಸಾಸ್ಟ್ ಫ್ಯಾನು ಕೂಡಿಸಿದ್ದು ಎಲ್ಲಕ್ಕಿಂತ ಮೊದಲ ಕೆಲಸ. ಹುಲ್ಲಿನ ಕೂಲರನ್ನು ಕೋಣೆಗೆ ಇಡಿ, ಅದರ ಒದ್ದೆ ಗಾಳಿ ನೇರವಾಗಿ ಕಂಪ್ಯೂಟರಿನ ಮುಖಕ್ಕೆ ಹೊಡೆಯದಂತೆ ಮಾತ್ರ ಇಡಿ ಎಂದೆ. ನಮ್ಮ ಬೋರಿನ ನೀರಿನ ಹನಿ ಒಣಗಿದರೆ ಬಿಳಿ ಸುಣ್ಣ ಉಳಿಯುತ್ತದೆ.

ಪರೀಕ್ಷೆಗಳ ಅಂಕಿಗಳಿಂದ ನಾವಿಬ್ಬರೂ ಕೂತು ಲೆಕ್ಕ ಹಾಕಿದಾಗ, ಎರಡು ಗೋಪುರದ ದೊಡ್ಡ ಗಾಳಿ ಕೂಲರ್ ಸುಮಾರು 0.30ಕ್ಕೂ, 240 ಮಿಲಿಮೀಟರಿನ ಲಿಕ್ವಿಡ್ ಕೂಲರ್ ಅದರ ಹತ್ತಿರಕ್ಕೂ, 360ರದು 0.26ರ ಆಸುಪಾಸಿಗೂ ಬಂದವು. ಈ ಸಂಖ್ಯೆಗಳು ರೇಡಿಯೇಟರಿನ ಅಳತೆ. 240 ಎಂದರೆ 120ರ ಎರಡು ಫ್ಯಾನು, 280 ಎಂದರೆ 140ರ ಎರಡು, 360 ಎಂದರೆ 120ರ ಮೂರು. ಮುಖದ ವಿಸ್ತೀರ್ಣ ಕ್ರಮವಾಗಿ 288, 392, 432 ಚದರ ಸೆಂಟಿಮೀಟರ್. 240ರಿಂದ 280ಕ್ಕೆ ಹೋದರೆ ದೊಡ್ಡ ಲಾಭ, ಅಲ್ಲಿಂದ 360ಕ್ಕೆ ಸಣ್ಣ ಲಾಭ ಎಂಬುದು ಇದರಿಂದಲೇ ತಿಳಿಯುತ್ತದೆ.

ಗಾಳಿಯ ಕೂಲರಿನ ಬೆಲೆ ನಾಲ್ಕು ಸಾವಿರದೊಳಗೆ. 160 ವ್ಯಾಟಿಗೆ ಮಿತಿ ಹಾಕಿಕೊಂಡರೆ ಅದೂ ಸಾಕಾಗುತ್ತಿತ್ತು. ನನ್ನ ಮನಸ್ಸು ಅದರ ಕಡೆಗೇ ವಾಲಿತ್ತು. ನಿರ್ಧಾರ ಮಾಡಿದ್ದು ಟೇಪು. ಪ್ರೊಸೆಸರ್‌ನಿಂದ ಕ್ಯಾಬಿನೆಟ್ಟಿನ ಗಾಜಿಗೆ ಇದ್ದ ಜಾಗ 15.2 ಸೆಂಟಿಮೀಟರ್, ಅಂಥ ಗೋಪುರಗಳ ಎತ್ತರ 15.5ರಿಂದ 16.5. ಗಾಜು ಮುಚ್ಚುವುದಿಲ್ಲ. ಮೇಲ್ಭಾಗದಲ್ಲಿ ಮಾತ್ರ 41 ಸೆಂಟಿಮೀಟರ್ ಉದ್ದದ ಜಾಗವಿತ್ತು. 360 ಎಂಬುದು ಫ್ಯಾನುಗಳ ಉದ್ದ ಮಾತ್ರ. ಎರಡು ತುದಿಯ ತೊಟ್ಟಿಗಳು ಸೇರಿ ರೇಡಿಯೇಟರ್ 40 ಸೆಂಟಿಮೀಟರಿನ ಹತ್ತಿರ ಇರುತ್ತದೆ, ದಪ್ಪ ಫ್ಯಾನು ಸೇರಿ 5.2. ಎರಡೂ ಹಿಡಿದವು. 280ರದು 14 ಸೆಂಟಿಮೀಟರ್ ಅಗಲವಿರುವುದರಿಂದ ಮೆಮೊರಿ ಪಟ್ಟಿಗಳಿಗೆ ತಾಗುತ್ತಿತ್ತು. ಮೇಲೆ ಕೂಡಿಸುವುದರಿಂದ ಬಿಸಿಗಾಳಿ ಒಳಗೆ ಸುತ್ತದೆ ನೇರವಾಗಿ ಹೊರಗೆ ಹೋಗುತ್ತದೆ ಎಂಬುದೂ ಒಂದು ಅನುಕೂಲ. ಕೆಳಗೆ ಗ್ರಾಫಿಕ್ಸ್ ಕಾರ್ಡ್ ಬೇರೆ ಶಾಖ ಕಾರುತ್ತಿರುತ್ತದಲ್ಲ.

"ನೀರು ಸೋರಿದ್ರ ಗತಿ ಏನ್ರಿ ಸರ?" ಇದು ಆತನ ಭಯ. ಸುಳ್ಳು ಧೈರ್ಯ ಹೇಳಲಿಲ್ಲ. ಕಾರ್ಖಾನೆಯಲ್ಲಿಯೇ ಮುಚ್ಚಿದ ಕೂಲರ್ ಸೋರುವುದು ವಿರಳ, ಅಸಾಧ್ಯವಲ್ಲ. ಒಳಗೆ ತಾಮ್ರದ ತಟ್ಟೆಯೂ ಅಲ್ಯೂಮಿನಿಯಮ್ಮಿನ ರೇಡಿಯೇಟರೂ ಒಂದೇ ನೀರಿನಲ್ಲಿರುತ್ತವೆ. ಎರಡು ಲೋಹ, ನಡುವೆ ದ್ರವ, ವಿದ್ಯುತ್ಕೋಶದ ಪಾಠ ನೆನಪಿಸಿಕೊಳ್ಳಿ. ಆ ಸವೆತವನ್ನು ತಡೆಯಲೆಂದೇ ನೀರಿಗೆ ಗ್ಲೈಕಾಲ್ ಜೊತೆಗೆ ತುಕ್ಕು ನಿರೋಧಕವನ್ನೂ ಬೆರೆಸಿರುತ್ತಾರೆ. ಬಿಚ್ಚಿ ನಮ್ಮ ನೀರು ತುಂಬುವ ಸಾಹಸ ಬೇಡ. ಇನ್ನು ರಬ್ಬರ್ ಕೊಳವೆಯ ಮೂಲಕ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ತೇವಾಂಶ ಹೊರಹೋಗಿ ಒಳಗೆ ಗಾಳಿಗುಳ್ಳೆ ಬೆಳೆಯುತ್ತದೆ. ಆ ಗುಳ್ಳೆ ಪಂಪಿಗೆ ಸೇರದಂತೆ ರೇಡಿಯೇಟರಿನ ತುದಿ ಯಾವಾಗಲೂ ಪಂಪಿಗಿಂತ ಎತ್ತರದಲ್ಲಿರಬೇಕು. ಕೊನೆಗೆ ಪಂಪು: ತಿರುಗುವ ವಸ್ತು ಒಂದು ದಿನ ನಿಲ್ಲುತ್ತದೆ. ವಾರಂಟಿ ಐದಾರು ವರ್ಷ ಇರುವುದನ್ನೇ ನೋಡಿದೆವು. ಸೋರಿ ಬೇರೆ ಭಾಗ ಕೆಟ್ಟರೆ ಅದನ್ನೂ ತುಂಬಿಕೊಡುತ್ತಾರೆಯೇ ಎಂದು ಷರತ್ತುಗಳನ್ನು ಓದಿದೆವು. ಆದರೆ ಸರ್ವಿಸ್ ಸೆಂಟರ್ ಇರುವುದು ದೂರದ ನಗರದಲ್ಲಿ. ಕಳಿಸಿ ತರಿಸುವಷ್ಟರಲ್ಲಿ ಮುಹೂರ್ತಗಳು ಕಾಯುವುದಿಲ್ಲ. ಆದ್ದರಿಂದ ಹಳೆಯ ಸಣ್ಣ ಕೂಲರನ್ನು ಒರೆಸಿ, ಅದರ ಸ್ಕ್ರೂಗಳ ಜೊತೆ ಒಂದು ಡಬ್ಬಿಯಲ್ಲಿ ಹಾಕಿ ಸ್ಟುಡಿಯೋದ ಕಪಾಟಿನಲ್ಲಿ ಇರಿಸಿದೆವು. ಪಂಪು ನಿಂತ ದಿನ ಅರ್ಧ ಗಂಟೆಯಲ್ಲಿ ಅದನ್ನು ಕೂಡಿಸಿ, ನಿಧಾನವಾಗಿಯಾದರೂ ಕೆಲಸ ಮುಂದುವರಿಸಬಹುದು.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ಬಣ್ಣಬಣ್ಣದ ದೀಪಗಳ, ಪಂಪಿನ ನೆತ್ತಿಯ ಮೇಲೆ ಪುಟ್ಟ ಪರದೆಯಿರುವ ಹತ್ತೊಂಬತ್ತು ಸಾವಿರದ ಕೂಲರ್. ಅದೇ ಅಳತೆಯ, ಕಪ್ಪನೆಯ, ದೀಪವಿಲ್ಲದ ಇನ್ನೊಂದು ಒಂಬತ್ತು ಸಾವಿರದ ಚಿಲ್ಲರೆಗೆ ಒಳಗಿನ ಕಪಾಟಿನಲ್ಲಿತ್ತು. ನಮ್ಮ ಹುಡುಗ ಚೀಟಿ ತೆಗೆದು, "ಇದರ ಉಷ್ಣರೋಧ ಎಷ್ಟ್ರಿ?" ಎಂದು ಕೇಳಿದಾಗ ಅಂಗಡಿಯವರು ಆತನ ಮುಖವನ್ನೇ ನೋಡಿದರು. ಮೂರನೆಯ ಬೆಂಚಿನ ಮೂಲೆಯಲ್ಲಿ ಕೂತು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕ್ಯಾಮೆರಾ ಚಿತ್ರ ಬರೆಯುತ್ತಿದ್ದವನ ಬಾಯಿಂದ ಆ ಮಾತು ಬಂದದ್ದು ನನಗೆ ಯಾವ ಪ್ರಶಸ್ತಿಗಿಂತ ಕಡಿಮೆಯಲ್ಲ. ಕಪ್ಪನೆಯದನ್ನೇ ತಂದೆವು.

ಜೋಡಣೆಯಲ್ಲಿ ಹೇಳಬೇಕಾದದ್ದು ಸ್ವಲ್ಪ. ನಿಮ್ಮ ಪ್ರೊಸೆಸರ್‌ನ ಸಾಕೆಟ್ಟಿಗೆ ಹೊಂದುವ ಹಿಡಿಕೆ ಪೆಟ್ಟಿಗೆಯಲ್ಲಿದೆಯೇ ನೋಡಿಕೊಳ್ಳಿ. ತಾಮ್ರದ ತಟ್ಟೆಯ ಮೇಲೆ ಪಾರದರ್ಶಕ ಹಾಳೆ ಅಂಟಿಸಿದ್ದರೆ ಕಿತ್ತುಹಾಕಿ. ಪೇಸ್ಟು ಬಟಾಣಿಯಷ್ಟು ಸಾಕು. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸಮವಾಗಿ ಬಿಗಿಯಿರಿ.

ಮೇ ತಿಂಗಳ ಮಧ್ಯಾಹ್ನವೊಂದರಲ್ಲಿ ಆತನೇ ಫೋನು ಮಾಡಿ ಅಂಕಿಗಳನ್ನು ಹೇಳಿದ: ಕೋಣೆ 41, ಪ್ರೊಸೆಸರ್ 89, ಬಳಕೆ 180 ವ್ಯಾಟ್, ಕೆಲಸ 92 ನಿಮಿಷ. ತಡೆಹಿಡಿದಿದ್ದ ಬಾಕಿ ಹಣವೂ ಆ ವಾರ ಕೈಸೇರಿತ್ತು. ಬಂಗಾರದ ಮಾತನ್ನು ಆತನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮಲ್ಲಿ ಬಹಳ ಮಂದಿ ಕಂಪ್ಯೂಟರಿನಲ್ಲಿ ಪತ್ರ ಬರೆಯುವವರು, ಲೆಕ್ಕ ಇಡುವವರು, ಮಕ್ಕಳ ಫೋಟೋ ನೋಡುವವರು. ನಿಮಗೆ ಇದಾವುದೂ ಬೇಡ. 65 ವ್ಯಾಟಿನ ಪ್ರೊಸೆಸರಿಗೆ ಸಾಧಾರಣ ಫ್ಯಾನಿನ ಕೂಲರೇ ಸಾಕು, ಲಿಕ್ವಿಡ್ ಎಂಬ ಹೆಸರಿಗೆ ಮರುಳಾಗಬೇಡಿ. ಗಂಟೆಗಟ್ಟಲೆ ಯಂತ್ರವನ್ನು ದುಡಿಸುವವರು ಮಾತ್ರ ಅಳೆದು, ಭಾಗಿಸಿ, ಟೇಪು ಹಿಡಿದು ನಿರ್ಧರಿಸಿ. ಯಾವ ಕೂಲರೇ ಇರಲಿ, ಯುಗಾದಿಗೆ ಮನೆಯ ಧೂಳು ಹೊಡೆಯುವಾಗ ಕ್ಯಾಬಿನೆಟ್ಟಿನದನ್ನೂ ಹೊಡೆಯಿರಿ, ದೀಪಾವಳಿಗೆ ಇನ್ನೊಮ್ಮೆ. ಬೆಂಗಳೂರಿನ ಕಂಪನಿಗಳಲ್ಲಿ ಇಂಥ ಯಂತ್ರಗಳ ಉಸ್ತುವಾರಿ ನೋಡುವ ನನ್ನ ವಿದ್ಯಾರ್ಥಿಗಳು ಹಲವರಿದ್ದೀರಿ. ನಿಮ್ಮ ಅನುಭವದಲ್ಲಿ ಪಂಪು ಎಷ್ಟು ವರ್ಷ ಬಾಳಿತು, ನಿಲ್ಲುವ ಮುನ್ನ ಸದ್ದಿನಲ್ಲಿ ಏನಾದರೂ ಸೂಚನೆ ಕೊಟ್ಟಿತೇ, ಬರೆದು ತಿಳಿಸಿ. ಸ್ಟುಡಿಯೋದವನಿಗೆ ಮುಂದಿನ ಹಂಗಾಮಿನ ಮೊದಲೇ ಹೇಳಬೇಕು.